ನಾದಿನಿಯ ಬಸ್ ವೇಳಾಪಟ್ಟಿ

ನನ್ನ ನಾದಿನಿ ಅಚ್ಚುಕೂಟಕ್ಕೆ ಕೆಲಸಕ್ಕೆ ಸೇರಿದ ಕಾಲದಲ್ಲಿ ಅಕ್ಷರಗಳಿಗೆ ತೂಕವಿತ್ತು. ಸೀಸದ ಅಚ್ಚುಮೊಳೆಗಳನ್ನು ಗೂಡುಗಳಿಂದ ಹೆಕ್ಕಿ, ಸ್ಟಿಕ್ ಎಂಬ ಅಂಗೈಯಲ್ಲಿ ಹಿಡಿಯುವ ಕಬ್ಬಿಣದ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸುವುದು ಅವಳ ಕೆಲಸ. ಎರಡು ಪದಗಳ ನಡುವೆ ಜಾಗ ಬೇಕೆಂದರೆ ಅಲ್ಲಿಗೂ ಸೀಸದ ತುಂಡು ಇಡಬೇಕು. ಇಡದಿದ್ದರೆ ಸಾಲು ಸಡಿಲವಾಗಿ ಮೊಳೆಗಳೆಲ್ಲ ಉದುರುತ್ತವೆ. ಖಾಲಿ ಜಾಗ ಕಂಡಲ್ಲಿ ತುಂಬುವುದು ಅವಳ ಬೆರಳಿಗೆ ಅಂಟಿದ ಅಭ್ಯಾಸ.

ಮೊಳೆಗಳು ಹೋಗಿ ಕಂಪ್ಯೂಟರ್ ಬಂದರೂ ಆ ಅಭ್ಯಾಸ ಬಿಡಲಿಲ್ಲ. ಪ್ರತಿವರ್ಷ ಬಸ್ ವೇಳಾಪಟ್ಟಿಯ ಪುಸ್ತಕ ಅವಳ ಕೈಯಲ್ಲೇ ತಯಾರಾಗುತ್ತಿತ್ತು. ಊರಿನ ಹೆಸರು ಹೊಡೆಯುವುದು, ಹೊರಡುವ ಸಮಯದ ಕಾಲಂ ಬರುವ ತನಕ ಸ್ಪೇಸ್ ಕೀಲಿಯನ್ನು ಟಕಟಕ ಕುಟ್ಟುವುದು, ಮತ್ತೆ ತಲುಪುವ ಸಮಯದ ತನಕ ಕುಟ್ಟುವುದು. ಅವಳ ಕೀಬೋರ್ಡಿನಲ್ಲಿ ಉಳಿದ ಕೀಲಿಗಳು ಮಾಸಿದ್ದವು, ಸ್ಪೇಸ್ ಕೀಲಿ ಮಾತ್ರ ಸವೆದು ಮಿರಮಿರ ಮಿಂಚುತ್ತಿತ್ತು.

ಹಾಗಿರುವಾಗ ಅಚ್ಚುಕೂಟಕ್ಕೆ ಹೊಸಬಳೊಬ್ಬಳು ಬಂದಳು. ನಾದಿನಿ ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಳು. ನಾವಿಬ್ಬರೂ ಒಂದೇ ಮನೆಯಲ್ಲಿರುವುದರಿಂದ ದೂರೆಲ್ಲ ಅಡುಗೆಮನೆಯಲ್ಲಿ ನನ್ನ ಕಿವಿಗೇ ಬೀಳುತ್ತಿತ್ತು.

"ಅತ್ತಿಗೆ, ಅವಳು ಕೆಲಸಾನೇ ಮಾಡಲ್ಲ."

"ಹಾಗಾದ್ರೆ ಪುಟ ಯಾರು ಕಟ್ಟೋದು?"

"ಅದೇ ಗೊತ್ತಾಗ್ತಿಲ್ಲ. ಆಗೊಂದು ಟಕ್, ಈಗೊಂದು ಟಕ್. ಸಂಜೆ ನೋಡಿದ್ರೆ ಇಡೀ ಪುಸ್ತಕ ರೆಡಿ!"

"ಹೇಗೆ ಅಂತ ಕೇಳು."

"ನಾನಾ? ನಾನು ಮೊಳೆ ಜೋಡಿಸ್ತಿದ್ದಾಗ ಅವಳಿನ್ನೂ ಹುಟ್ಟಿರಲಿಲ್ಲ."

"ಅದಕ್ಕೇ ಕೇಳು ಅಂದಿದ್ದು."

ಅವಳು ಮುಖ ಊದಿಸಿಕೊಂಡು ಪಾತ್ರೆಯನ್ನು ದಡಾರನೆ ಇಟ್ಟು ಹೋದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ಅದೇ ವಾರ ಅಚ್ಚುಕೂಟದ ಯಜಮಾನರು ಬಂದು, ಈ ಸಲದ ವೇಳಾಪಟ್ಟಿ ಜೇಬಿನಲ್ಲಿ ಹಿಡಿಸುವಂತಿರಬೇಕು, ಪುಟ ಚಿಕ್ಕದಾಗಲಿ, ಅಕ್ಷರವೂ ಚಿಕ್ಕದಾಗಲಿ ಎಂದರು. ನಾದಿನಿ ಎಲ್ಲವನ್ನೂ ಒಟ್ಟಿಗೆ ಆಯ್ದು ಅಕ್ಷರವನ್ನು ಕುಗ್ಗಿಸಿದಳು. ಕಾಲಂಗಳೆಲ್ಲ ಚೆಲ್ಲಾಪಿಲ್ಲಿಯಾದವು. ಒಂದು ಊರಿನ ಸಮಯ ಇನ್ನೊಂದು ಊರಿನ ತಲೆಯ ಮೇಲೆ ಹತ್ತಿ ಕೂತಿತು.

ಯಜಮಾನರು ಪರದೆಗೆ ಬಗ್ಗಿ ನೋಡಿದರು. "ಅಕ್ಕ, ಇದನ್ನ ನಂಬಿ ಬಸ್ ಹತ್ತಿದವರು ಮನೆ ಸೇರಲ್ಲ. ಸೋಮವಾರಕ್ಕೆ ಸರಿಹೋಗದಿದ್ರೆ ಪುಸ್ತಕ ಆ ಹೊಸ ಹುಡುಗಿಗೆ ಕೊಡ್ತೀನಿ. ನೀವು ಬೈಂಡಿಂಗ್ ಕಡೆ ಬನ್ನಿ."

ಬೈಂಡಿಂಗ್ ಕೆಲಸ ಕೀಳೇನಲ್ಲ. ಆದರೆ ಪುಟ ಕಟ್ಟಿದವಳಿಗೆ ಬೇರೆಯವರು ಕಟ್ಟಿದ ಪುಟಕ್ಕೆ ಗೋಂದು ಹಚ್ಚು ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೆ? ಮಾರನೆಯ ಬೆಳಿಗ್ಗೆ ಬಿಂಕವನ್ನು ಮನೆಯಲ್ಲೇ ಬಿಟ್ಟು ಹೋಗಿ ಮೌನಗೌರಿಯ ಮುಂದೆ ನಿಂತಳು. ಮುಂದೆ ನಡೆದದ್ದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಇಬ್ಬರ ಮಾತೂ ತಾಳೆಯಾಗುವುದರಿಂದ ನಂಬಿದ್ದೇನೆ.

"ಅಕ್ಕ, ಒಂದೇ ಸಾಲಲ್ಲಿ ಇಷ್ಟೊಂದು ಸ್ಪೇಸ್ ಯಾಕೆ?" ಎಂದಳು ಮೌನಗೌರಿ, ನಾದಿನಿಯ ಪುಟವನ್ನು ಪರದೆಯ ಮೇಲೆ ನೋಡಿ.

"ತುಂಬದೇ ಹೋದ್ರೆ ಬಿದ್ದುಹೋಗಲ್ವಾ?"

"ಏನು ಬೀಳುತ್ತೆ?"

ನಾದಿನಿ ಬಗ್ಗಿ ಪರದೆಯನ್ನು ನೋಡಿದಳು. ಆ ಪರದೆಯ ಹಿಂದೆ ಬೀಳುವಂಥದ್ದು ಏನೂ ಇರಲಿಲ್ಲ.

ಮೌನಗೌರಿ ಪುಟದ ಮೇಲಂಚಿನ ಅಳತೆಪಟ್ಟಿಯಲ್ಲಿ ಒಂದು ಗುರುತು ಇಟ್ಟಳು. ಟ್ಯಾಬ್ ಕೀಲಿಯನ್ನು ಒಮ್ಮೆ ಒತ್ತಿದಳು. ಸಮಯ ನೇರವಾಗಿ ಗುರುತಿನ ಕೆಳಗೆ ಬಂದು ನಿಂತಿತು. ಇನ್ನೊಂದು ಸಾಲಿನಲ್ಲಿ ಒತ್ತಿದಳು, ಅದೂ ಅಲ್ಲಿಗೇ ಬಂತು.

"ಅಯ್ಯೋ, ಇದು ಸ್ಟಿಕ್ ಕಣೇ!" ಎಂದು ನಾದಿನಿ ಕೂಗಿದಳು. "ಅಳತೆ ಒಂದ್ಸಲ ಬಿಗಿ ಮಾಡಿದ್ರೆ ಆಯ್ತು, ಆಮೇಲೆ ಪ್ರತಿ ಸಾಲೂ ತಾನೇ ಅಲ್ಲಿಗೆ ಬಂದು ನಿಲ್ಲುತ್ತೆ!"

"ಸ್ಟಿಕ್ ಅಂದ್ರೇನಕ್ಕ?"

"ಅದು ಬಿಡು, ಆಮೇಲೆ ಹೇಳ್ತೀನಿ. ಮುಂದಕ್ಕೆ ಹೋಗು."

ಹಳೆಯ ಸ್ಪೇಸ್‌ಗಳನ್ನು ಒಂದೊಂದಾಗಿ ಅಳಿಸಲು ಅವಳು ತೋಳೇರಿಸುತ್ತಿದ್ದಳು. ಮೌನಗೌರಿ ಕೈ ಹಿಡಿದು ತಡೆದಳು. ಸಾಲಾಗಿ ಸ್ಪೇಸ್‌ಗಳಿದ್ದಲ್ಲೆಲ್ಲ ಹುಡುಕಿ ಒಂದು ಟ್ಯಾಬ್ ಇಡು ಎಂದು ಕಂಪ್ಯೂಟರಿಗೇ ಅಪ್ಪಣೆ ಕೊಡುವುದನ್ನು ತೋರಿಸಿದಳು. ವರ್ಷಗಟ್ಟಲೆ ಕುಟ್ಟಿದ್ದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮಾಯವಾಯಿತು. ಈಕೆ ಅಳುತ್ತಾಳೇನೋ ಎಂದು ಮೌನಗೌರಿಗೆ ಗಾಬರಿಯಾಯಿತಂತೆ. ನಾದಿನಿ ನಗಲು ಶುರುಮಾಡಿದಳು. ಪಕ್ಕದ ಕೋಣೆಯ ಮುದ್ರಕ ಏನಾಯಿತೆಂದು ಓಡಿಬಂದನಂತೆ, ಅಷ್ಟು ಜೋರು.

ಆಮೇಲೆ ಸ್ಟೈಲ್ ಕಲಿತಳು: ಊರಿನ ಸಾಲಿಗೆ ಒಂದು ಹೆಸರು, ತಲೆಬರಹಕ್ಕೆ ಒಂದು ಹೆಸರು. ಅಕ್ಷರ ಹಿಗ್ಗಲಿ, ಕುಗ್ಗಲಿ ಎಂದು ಆ ಹೆಸರಿಗೆ ಏನು ಹೇಳಿದರೂ ಅದನ್ನು ಹೊತ್ತ ಸಾಲುಗಳೆಲ್ಲ ಕೇಳುತ್ತವೆ. "ನಮ್ಮ ಮನೇಲಿ ಯಾರೂ ಹೀಗೆ ಮಾತು ಕೇಳಲ್ಲ ಅತ್ತಿಗೆ," ಎಂದು ನನಗೆ ಚುಚ್ಚಿದಳು. ಎರಡು ಸಂಜೆ ಅಡುಗೆಮನೆಯಲ್ಲಿ ಇದೇ ಪುರಾಣ. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು.

ಸೋಮವಾರ ಯಜಮಾನರು ಬಂದು ಪುಟ ತಿರುಗಿಸಿದರು. ಕಾಲಂಗಳು ದಾರ ಹಿಡಿದಂತಿದ್ದವು. ತಪ್ಪು ಸಿಗದಿದ್ದಾಗ ಅವರಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ.

"ಚೆನ್ನಾಗಿದೆ. ಆದ್ರೆ ವಯಸ್ಸಾದವರಿಗೆ ಕಾಣಲ್ಲ. ಅಕ್ಷರ ಒಂಚೂರು ದೊಡ್ಡದಾಗಿದ್ರೆ..."

ಚಿಕ್ಕದಾಗಲಿ ಎಂದಿದ್ದವರು ತಾವೇ ಎಂಬುದು ನೆನಪಾಗಿರಬೇಕು, ಮಾತು ಅಲ್ಲಿಗೇ ನಿಂತಿತು.

"ಕೂತ್ಕೊಳ್ಳಿ ಸರ್, ಮಾಡ್ತೀನಿ," ಎಂದಳು ನಾದಿನಿ. ಅವರು ಕುರ್ಚಿ ಎಳೆದರು. "ಬೇಡ, ನಿಂತೇ ಇರಿ. ಆಗೋಯ್ತು."

ಉದ್ದ ಹೆಸರಿನ ಒಂದೆರಡು ಊರುಗಳು ಮಾತ್ರ ಗಡಿ ದಾಟಿದ್ದವು. ಗುರುತನ್ನು ಕೂದಲೆಳೆಯಷ್ಟು ಸರಿಸಿದಳು, ಪುಸ್ತಕದ ಎಲ್ಲ ಸಾಲುಗಳೂ ಜೊತೆಗೆ ಸರಿದವು. ಯಜಮಾನರು ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತಿದ್ದರು.

"ಬೈಂಡಿಂಗ್‌ಗೆ ಬೇರೆ ಯಾರನ್ನಾದ್ರೂ ನೋಡ್ತೀನಿ," ಎಂದರು.

"ನೋಡಿ ಸರ್. ಗಟ್ಟಿಮುಟ್ಟಾಗಿರೋರನ್ನ ನೋಡಿ, ಇನ್ಮುಂದೆ ಪುಟಗಳು ಬೇಗ ಬೇಗ ಬರ್ತವೆ."

ವೇಳಾಪಟ್ಟಿ ಮಧ್ಯಾಹ್ನವೇ ಅಚ್ಚಿಗೆ ಹೋಯಿತು. ಉಳಿದ ಹೊತ್ತಿನಲ್ಲಿ ನಾದಿನಿ, ಮೌನಗೌರಿ ಇಬ್ಬರೂ ಅಕ್ಷರವನ್ನು ಹಿಗ್ಗಿಸಿ ಕುಗ್ಗಿಸಿ, ಊರುಗಳೆಲ್ಲ ಓಡಿಹೋಗಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲುವುದನ್ನು ನೋಡುತ್ತ ಕೂತಿದ್ದರು. ಯಜಮಾನರು ಇಣುಕಿದಾಗ ನಾದಿನಿ, "ಪರೀಕ್ಷೆ ಮಾಡ್ತಿದ್ದೀವಿ ಸರ್," ಎಂದಳಂತೆ. ಅಪ್ಪಟ ಸುಳ್ಳು. ಆಟವಾಡುತ್ತಿದ್ದರು.