ಟಗರಿನ ರಕ್ತ ಕೇಳುತ್ತಿದ್ದ ಡಾಕ್ಟ್ರಮ್ಮ

೧೯೮೫ರಲ್ಲಿ, ಏಳನೇ ಕ್ಲಾಸಿಗೇ, ನಾನು ಓದು ನಿಲ್ಲಿಸಿದೆ. ಆದರೂ ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬು ನನ್ನ ಟಗರಿಲ್ಲದೆ ನಡೆಯುತ್ತಿರಲಿಲ್ಲ. ಅಲ್ಲಿ ಕ್ರಿಮಿ ಪರೀಕ್ಷೆ ಮಾಡುತ್ತಿದ್ದ ವಿಮಲಾ ಡಾಕ್ಟ್ರಮ್ಮ ಗಾಜಿನ ತಟ್ಟೆಯನ್ನು ನೋಡುವ ಮೊದಲು ಮೂಸುತ್ತಿದ್ದರು, ಸಾರು ಹಳಸಿದೆಯೇ ಎಂದು ನೋಡುವ ಹೆಂಗಸರ ಹಾಗೆ. ಆ ತಟ್ಟೆಯಲ್ಲಿ ಕ್ರಿಮಿ ಬೆಳೆಯಲು ಕುರಿಯ ರಕ್ತ ಬೇಕು.

ತಿಂಗಳಿಗೊಮ್ಮೆ ಟಗರನ್ನು ಆಸ್ಪತ್ರೆಯ ಹಿತ್ತಲಿಗೆ ಹೊಡೆದುಕೊಂಡು ಹೋಗುತ್ತಿದ್ದೆ. ಅವರು ಕತ್ತಿನಿಂದ ರಕ್ತ ತೆಗೆದರೆ, ಅದು ಹೆಪ್ಪುಗಟ್ಟದಂತೆ ನಾನು ಗಾಜಿನ ಗುಂಡು ಹಾಕಿದ ಸೀಸೆಯಲ್ಲಿ ಕುಲುಕುತ್ತಿದ್ದೆ. ಸೂಜಿ ಚುಚ್ಚುವ ಮೊದಲು ಪ್ರತಿಸಲವೂ ಕೇಳುವರು: "ಇದಕ್ಕೆ ಇಂಜೆಕ್ಷನ್ ಏನೂ ಹಾಕ್ಸಿಲ್ಲ ತಾನೇ ಸಿದ್ದಣ್ಣ? ರಕ್ತದಲ್ಲಿ ಔಷಧಿ ಇದ್ರೆ ನನ್ನ ತಟ್ಟೆ ಸುಳ್ಳು ಹೇಳುತ್ತೆ." ಟಗರು ಗುಮ್ಮಿ ಅವರ ಸೀರೆ ಹರಿದ ದಿನವೂ ಕೇಳಿದರು.

"ನನ್ ಹೆಂಡ್ರುಗಿಂತ ಚೆನ್ನಾಗಿ ನೋಡ್ಕಂಡಿವ್ನಿ" ಅಂದೆ.

"ಅದನ್ನ ಗಿರಿಜಮ್ಮನ ಮುಂದೆ ಹೇಳು" ಅಂದರು.

೨೦೦೨ರಲ್ಲಿ ಅದೇ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಗಿರಿಜೆಗೆ ಗರ್ಭಕೋಶದ ಆಪರೇಷನ್ ಆಯಿತು. ಗಾಯ ಕೀವಾಯಿತು, ಯಾವ ಇಂಜೆಕ್ಷನ್ನಿಗೂ ಜ್ವರ ಬಗ್ಗಲಿಲ್ಲ. ಕುರಿ ಸಾಕುವ ಗಲೀಜು ಮನೆ, ಸೋಂಕು ಅಲ್ಲಿಂದಲೇ ಬಂದಿದೆ ಎಂದು ನರ್ಸುಗಳು ಆಡಿಕೊಂಡರು. ಮಾದಿಹಳ್ಳಿಯ ಅವಳ ತೌರಿನವರೂ ನಂಬಿದರು.

ಡಾಕ್ಟ್ರಮ್ಮ ಆ ಕೀವನ್ನು ನನ್ನ ಟಗರಿನ ರಕ್ತದ ಮೇಲೇ ಬೆಳೆಸಿದರು. ಮೂಸಿ ನೋಡಿದರು. ಆಮೇಲೆ ಇನ್ನೊಂದು ತಟ್ಟೆಯಲ್ಲಿ ಕ್ರಿಮಿ ಹರಡಿ, ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟು ನನಗೆ ತೋರಿಸಿದರು. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬಯಲು ಬೀಳಬೇಕು. ಇಲ್ಲಿ ಕ್ರಿಮಿ ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿತ್ತು. ಅದೇ ವಾರ್ಡಿನ ಇನ್ನಿಬ್ಬರ ಗಾಯದಲ್ಲೂ, ಡ್ರೆಸಿಂಗ್ ಕೋಣೆಯ ಸಿಂಕಿನಲ್ಲೂ ಹೀಗೇ. ಎಲ್ಲವನ್ನೂ ಬೆಂಗಳೂರಿಗೆ ಕಳಿಸಿದಾಗ, ಔಷಧಿಯನ್ನೇ ಮುರಿದುಹಾಕುವ ಒಂದೇ ಜೀನ್ ಎಲ್ಲದರಲ್ಲೂ ಸಿಕ್ಕಿತು. ಜೀನ್ ಅಂದರೇನೆಂದು ಕೇಳಿದೆ.

"ಒಂದು ಕುರಿ ಬೇಲಿ ಸಂದು ಕಂಡ್ಕೊಂಡ್ರೆ ಹಿಂಡೆಲ್ಲ ನುಗ್ಗಲ್ವಾ? ಆ ಸಂದಿನ ಗುರುತು ಕಣಪ್ಪ. ಒಂದು ಕ್ರಿಮಿ ಇನ್ನೊಂದಕ್ಕೆ ದಾಟಿಸುತ್ತೆ."

ಆಪರೇಷನ್ ಕೋಣೆ ಸ್ವಲ್ಪ ದಿನ ಮುಚ್ಚಿ ಎಂದು ಆಸ್ಪತ್ರೆಯ ಯಜಮಾನರನ್ನು ಕೇಳಿದರಂತೆ, ಆಗುವುದಿಲ್ಲ ಅಂದರಂತೆ. ಅವತ್ತೇ ಸಂಜೆ ವಾರ್ಡಿಗೆ ಬಂದು, ನರ್ಸುಗಳೂ ತೌರಿನವರೂ ನೋಡುತ್ತಿದ್ದಂತೆ ಗಿರಿಜೆಯ ಮಂಚದ ಮೇಲೆ ಕೂತರು.

"ಇದು ನಿಮ್ಮನೇದಲ್ಲ ಗಿರಿಜಮ್ಮ. ನಮ್ಮ ಆಸ್ಪತ್ರೇದು."

ಗಿರಿಜೆ ನನ್ನ ಕಡೆ ತಿರುಗಿದಳು. "ಕೇಳುಸ್ಕಂಡ್ರಾ? ದಿನಾ ಗುಡ್ಸಿ ಸಾರ್ಸಿದ್ ಮನೆ ಕಣ್ರೀ ನಮ್ದು."

ಆ ವಾರವೇ ಹೋದಳು.

ತಿಥಿ ಮುಗಿಸಿ ಟಗರು ಹೊಡೆದುಕೊಂಡು ಹೋದರೆ ಲ್ಯಾಬಿಗೆ ಬೀಗ. ಡಾಕ್ಟ್ರಮ್ಮನನ್ನು ಕೆಲಸದಿಂದ ಬಿಡಿಸಿದ್ದರು. ಯಾವ ಊರಿಗೆ ಹೋದರೋ, ಯಾರೂ ಹೇಳಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಪ್ಪತ್ತೆರಡು ಕುರಿ, ಎರಡು ಟಗರು, ಎಂಟು ತೆಂಗಿನ ಮರ, ಗಾಜಿನ ಗುಂಡಿರುವ ಒಂದು ಸೀಸೆ, ನಾನೇ ದಿನಾ ಸಾರಿಸುವ ಒಂದು ಮನೆ.