ಮೊದಲ ಲೆಕ್ಕ ನನಗೆ ತೋರಿಸು

ಮೂರು ಉತ್ತರಪತ್ರಿಕೆಗಳ ಮೇಲೂ ನನ್ನ ಸಹಿ ಇತ್ತು. ನಾನು ಮಾತ್ರ ಅವುಗಳನ್ನು ಮೊದಲ ಸಲ ನೋಡುತ್ತಿದ್ದೆ.

ದಸರಾ ರಜೆ ಮುಗಿದ ಮೊದಲ ಶನಿವಾರ ಮಗಳ ಶಾಲೆಯಲ್ಲಿ ಪೋಷಕರ ಸಭೆ. ಅವಳಾಗ ಎಂಟನೇ ಕ್ಲಾಸು. ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಎರಡು ಗಂಟೆ ಪರ್ಮಿಷನ್ ಕೇಳಿ, ಕೈಗೆ ಹತ್ತಿದ್ದ ಎಣ್ಣೆಯ ವಾಸನೆ ಹೋಗಲೆಂದು ಎರಡು ಸಲ ಸೋಪು ಹಾಕಿ ತೊಳೆದುಕೊಂಡು ಹೋಗಿದ್ದೆ. ಹೆಡ್ ಮೇಡಂ ಗಣಿತದ ಮೂರು ಪತ್ರಿಕೆಗಳನ್ನು ನನ್ನ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟರು. ಇಪ್ಪತ್ತೈದಕ್ಕೆ ಆರು, ನಾಲ್ಕು, ಏಳು. ಪ್ರತಿಯೊಂದರ ಮೂಲೆಯಲ್ಲೂ ನನ್ನ ಸಹಿ, ನಾನು ಹಾಕುವುದಕ್ಕಿಂತ ದುಂಡಗೆ, ಅಚ್ಚುಕಟ್ಟಾಗಿ. ಪಕ್ಕದಲ್ಲಿ ನಿಂತಿದ್ದ ಮಗಳು ನೆಲ ನೋಡುತ್ತಿದ್ದಳು.

"ಇವನ್ನೆಲ್ಲ ನೋಡಿದ್ದೀರಿ ತಾನೆ? ಸಹಿ ನಿಮ್ದೇ ಅಲ್ವಾ?" ಎಂದು ಹೆಡ್ ಮೇಡಂ ಕೇಳಿದರು.

"ಹೌದು ಮೇಡಂ, ನಂದೇ," ಅಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಆ ಕೋಣೆಯಲ್ಲಿ ಅವಳನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೇ.

"ಹಾಗಾದ್ರೆ ನಿಮ್ಗೇ ಗೊತ್ತಿದೆ. ನಮ್ಮಲ್ಲಿ ಒಂಬತ್ತು, ಹತ್ತು ತುಂಬ ಕಷ್ಟ. ಎಂಟು ಮುಗಿದ ಮೇಲೆ ಟಿ.ಸಿ. ತಗೊಂಡು ಬೇರೆ ಶಾಲೆಗೆ ಸೇರಿಸ್ಬಿಡಿ. ಮಗೂಗೂ ಒಳ್ಳೇದು."

ಮಗುವಿಗೆ ಒಳ್ಳೆಯದಂತೆ. ಹತ್ತನೇ ಕ್ಲಾಸಿನ ಫಲಿತಾಂಶ ಬಂದಾಗ ಗೇಟಿಗೆ ಕಟ್ಟುವ ಬ್ಯಾನರಿನಲ್ಲಿ ನೂರಕ್ಕೆ ನೂರು ಎಂದು ಬರೆಯಬೇಕಲ್ಲ, ಅದಕ್ಕೆ ನನ್ನ ಮಗಳು ಅಡ್ಡ. ಅಷ್ಟು ನನಗೂ ಅರ್ಥವಾಗುತ್ತದೆ. ಹೊರಗಿನವರ ಮುಂದೆ ಕೋಪ ಬಂದರೆ ನನ್ನ ದನಿ ಇಳಿಯುತ್ತದೆ. ಏರುವುದೆಲ್ಲ ಮನೆಯಲ್ಲೇ.

ನನ್ನ ಕೆಲಸ ಇನ್‌ಸ್ಪೆಕ್ಷನ್. ಲೇತ್ ಮೆಷಿನ್ನಿನಲ್ಲಿ ತಯಾರಾದ ಪಿನ್ನು, ಬುಷ್ಷುಗಳ ಅಳತೆ ನೋಡಿ ಪಾಸು ಮಾಡಬೇಕು, ಇಲ್ಲವೇ ಕೆಂಪು ಟ್ರೇಗೆ ಹಾಕಬೇಕು. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಆದರೂ ಸುಮ್ಮನೆ ರಿಜೆಕ್ಟ್ ಅನ್ನುವ ಅಧಿಕಾರ ನನಗಿಲ್ಲ. ಯಾವ ಅಳತೆ, ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಚೀಟಿ ಬರೆದು ಕೊಡಬೇಕು.

"ಮೇಡಂ, ಈಗ ಹೇಳಿದ್ದನ್ನ ಬರೆದು ಕೊಡ್ತೀರಾ? ಯಾವ ಪಾಠದಲ್ಲಿ ಎಷ್ಟು ಹಿಂದಿದ್ದಾಳೆ, ಯಾಕೆ ಕಳಿಸ್ತಿದ್ದೀರಿ ಅಂತ," ಎಂದು ಕೇಳಿದೆ.

"ಬರೆದು ಕೊಡೋದೆಲ್ಲ ಯಾಕೆ? ನಾನು ಸಲಹೆ ಕೊಟ್ಟೆ ಅಷ್ಟೆ."

"ಸಲಹೆ ಆದ್ರೆ, ವಾರ್ಷಿಕ ಪರೀಕ್ಷೆವರೆಗೂ ಟೈಮ್ ಕೊಡಿ ಮೇಡಂ."

ಅವರು ಪತ್ರಿಕೆಗಳನ್ನು ಒಟ್ಟು ಮಾಡಿದರು. "ಆಯ್ತು. ಗಣಿತದಲ್ಲಿ ಪಾಸಾಗ್ಲಿಲ್ಲ ಅಂದ್ರೆ ಮತ್ತೆ ಚರ್ಚೆ ಬೇಡ. ಟಿ.ಸಿ. ತಗೋಬೇಕು." ಪತ್ರಿಕೆಗಳನ್ನು ಫೈಲಿಗೆ ಹಾಕುವ ಮುಂಚೆ ಫೋಟೋ ತೆಗೆದುಕೊಳ್ಳಲು ಬಿಟ್ಟರು.

ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಫ್ಲೈಓವರ್ ಕೆಳಗೆ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಸಣ್ಣ ದನಿ ಬಂತು. "ಯಾಕಮ್ಮ ನಿಂದೇ ಅಂದೆ?" ಉತ್ತರವನ್ನು ಮನೆಗೆ ಹೋಗಿ ಬಾಗಿಲು ಹಾಕಿದ ಮೇಲೆ ಕೊಟ್ಟೆ, ಬೀದಿಗೆಲ್ಲ ಕೇಳುವ ಹಾಗೆ. ಸುಳ್ಳಿ ಅಂದೆ, ದಡ್ಡಿ ಅಂದೆ, ನಿನಗಾಗಿ ದುಡಿಯುವುದೇ ದಂಡ ಅಂದೆ. ಇನ್ನೂ ಏನೇನೋ ಅಂದೆ, ಅವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ಅಳಲಿಲ್ಲ. ಎಲ್ಲ ಮುಗಿದ ಮೇಲೆ, "ನೋಡು, ಹಿಂಗೇ ಬೈತೀಯ ಅಂತಾನೇ ತೋರಿಸ್ಲಿಲ್ಲ," ಅಂದಳು.

ಆ ಮಾತು ಭಾನುವಾರವೆಲ್ಲ ನನ್ನ ಹಿಂದೆಯೇ ಓಡಾಡಿತು.

ಸೋಮವಾರ ಬೆಳಗ್ಗೆ ಮೆಷಿನ್ನುಗಳು ಶುರುವಾದವು. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾವ ಕೆಲಸವೇ ಆಗಲಿ, ಆಪರೇಟರ್ ಮೊದಲು ಒಂದೇ ಒಂದು ಪೀಸು ಮಾಡಿ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ತರಬೇಕು. ಅದಕ್ಕೆ ಫಸ್ಟ್ ಪೀಸ್ ಅನ್ನುತ್ತೇವೆ. ಅದು ಪಾಸಾಗುವವರೆಗೆ ಎರಡನೆಯದನ್ನು ಮಾಡುವಂತಿಲ್ಲ. ಕುಣಿಗಲ್ ಕಡೆಯ ಹಿರಿಯ ಆಪರೇಟರ್ ಒಬ್ಬರು ಅಂದು ಬೆಳಗ್ಗೆ ಬುಷ್ಷು ತಂದಿಟ್ಟರು. ಅಳೆದೆ. ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪ ಇತ್ತು.

"ಅಣ್ಣ, ಇನ್ನು ನಾಲ್ಕು ಪಾಯಿಂಟ್ ತೆಗೀಬೇಕು," ಅಂದೆ.

"ಆಯ್ತು ಮೇಡಂ, ಸೆಟ್ಟಿಂಗ್ ಒಂಚೂರು ತಿರುಗುಸ್ತೀನಿ," ಎಂದು ಅವರು ಪೀಸು ಎತ್ತಿಕೊಂಡು ಹೋದರು. ಎರಡನೇ ಸಲವೂ ತಪ್ಪೇ. ಮೂರನೇ ಸಲ ಸರಿಯಾಯಿತು. ಅಷ್ಟು ಹೊತ್ತೂ ನನಗೆ ಕೋಪ ಬರಲಿಲ್ಲ, ಅವರಿಗೆ ಅವಮಾನವೂ ಆಗಲಿಲ್ಲ. "ತಪ್ಪು ತಂದಿದ್ದಕ್ಕೆ ಬೇಜಾರಾಗಲ್ವಾ ಅಣ್ಣ?" ಎಂದು ಸುಮ್ಮನೆ ಕೇಳಿದೆ. ಅವರು ನನಗೇ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು.

"ಇದು ತಪ್ಪಾಗ್ಲಿ ಅಂತಾನೇ ಅಲ್ವಾ ಮೇಡಂ ತರಾದು? ಐನೂರು ಮಾಡಿದ್ಮೇಲೆ ತಪ್ಪು ಅಂದ್ರೆ ಆಗ ನೋಡ್ರಿ ಬೇಜಾರು."

ಕೈಯಲ್ಲಿದ್ದ, ಅಳತೆ ನೋಡುವ ವರ್ನಿಯರ್ ಹಾಗೇ ನಿಂತಿತು. ಎಂಟು ವರ್ಷದಿಂದ ನಾನು ಮಗಳ ಐನೂರನೇ ಪೀಸನ್ನೇ ನೋಡುತ್ತ ಬಂದಿದ್ದೆ. ಹೋಂವರ್ಕೆಲ್ಲ ಮುಗಿದ ಮೇಲೆ ಪುಸ್ತಕ ಕಸಿದುಕೊಂಡು ತಪ್ಪು ಹುಡುಕುವುದು, ಅಂಕ ಬಂದ ಮೇಲೆ ಕೂಗಾಡುವುದು. ಮೊದಲ ಲೆಕ್ಕ ಮಾಡುವಾಗ ಪಕ್ಕದಲ್ಲಿ ಕೂತದ್ದು ಒಂದು ದಿನವೂ ನೆನಪಿಗೆ ಬರಲಿಲ್ಲ.

ಅಂದು ಸಂಜೆ ಸೊಪ್ಪು ಬಿಡಿಸುತ್ತ ಕೂತು ಅವಳನ್ನು ಕರೆದೆ. "ಇವತ್ತಿಂದ ಎಲ್ಲ ಲೆಕ್ಕ ತೋರಿಸ್ಬೇಡ. ಒಂದೇ ಮಾಡ್ಕೊಂಡು ಬಾ. ಅದು ತಪ್ಪಿದ್ರೆ ಬೈಯಲ್ಲ. ನಾನು ಬೈದ್ರೆ ನೀನು ಎದ್ದು ಹೋಗ್ಬಹುದು." ಅವಳು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಫೋಟೋ ತೆಗೆದುಕೊಂಡಿದ್ದ ಪತ್ರಿಕೆಗಳನ್ನು ಇಬ್ಬರೂ ಸೇರಿ ದೊಡ್ಡದು ಮಾಡಿ ನೋಡಿದೆವು. ಸುತ್ತಿ ಸುತ್ತಿ ತಪ್ಪು ಒಂದೇ ಕಡೆ ಬರುತ್ತಿತ್ತು, ಭಿನ್ನರಾಶಿ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದರಲ್ಲಿ ಎರಡು ಎಂದು ಬರೆದಿದ್ದಳು. ನಿಜ ಹೇಳಬೇಕೆಂದರೆ ಒಂದು ಕ್ಷಣ ನನಗೂ ಅದು ಸರಿಯೆಂದೇ ತೋರಿತು. ಗಣಿತದಲ್ಲಿ ನಾನೂ ಹೇಳಿಕೊಳ್ಳುವಂಥವಳಲ್ಲ. ಆದರೆ ದಶಮಾಂಶದ ಪಾಯಿಂಟು ನನಗೆ ಗೊತ್ತು, ದಿನವಿಡೀ ಓದುವುದು ಅದನ್ನೇ.

"ಅರ್ಧ ಅಂದ್ರೆ ಎಷ್ಟು ಹೇಳು, ಪಾಯಿಂಟಲ್ಲಿ."

"ಸೊನ್ನೆ ಪಾಯಿಂಟ್ ಐದು."

"ಐದರಲ್ಲಿ ಎರಡು?"

ಬೆರಳು ಮಡಿಸಿ ಯೋಚಿಸಿದಳು. "ಸೊನ್ನೆ ಪಾಯಿಂಟ್ ನಾಲ್ಕು." ಆಮೇಲೆ ತಾನೇ ನಿಂತಳು. "ಅಮ್ಮ, ಕೂಡಿಸಿದ್ಮೇಲೆ ಕಮ್ಮಿ ಆಗೋಯ್ತಲ್ಲ." ಇಬ್ಬರಿಗೂ ನಗು ಬಂತು. ಗಣಿತದ ಪುಸ್ತಕ ಮುಂದಿಟ್ಟುಕೊಂಡು ನಾವು ನಕ್ಕಿದ್ದು ಅದೇ ಮೊದಲು.

ಭಿನ್ನರಾಶಿ ಯಾವಾಗ ಕಲಿಸಿದ್ದರು ಎಂದು ಕೇಳಿದೆ. ಮೂರು, ನಾಲ್ಕನೇ ಕ್ಲಾಸಿನಲ್ಲಂತೆ. ಶಾಲೆ ಮುಚ್ಚಿದ್ದ ಕಾಲ. ಪಾಠ ಫೋನಿನಲ್ಲಿ ಬರುತ್ತಿತ್ತು. ಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಫೋನು ನನ್ನ ಬ್ಯಾಗಿನಲ್ಲಿ ಫ್ಯಾಕ್ಟರಿಗೆ ಹೋಗುತ್ತಿತ್ತು. ಮೇಷ್ಟ್ರು ಪಾಠ ಮಾಡುವ ಹೊತ್ತಿಗೆ ಅದು ನನ್ನ ಲಾಕರಿನಲ್ಲಿ ಬಿದ್ದಿರುತ್ತಿತ್ತು. ದಡ್ಡಿ ಎಂದು ನಾನು ಯಾರನ್ನು ಬೈದಿದ್ದೆನೋ ಅವಳಿಗೆ ಆ ಪಾಠವೇ ತಲುಪಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ ಕೂಡ. "ತಪ್ಪು ನಂದು ಕಣೇ," ಅಂದೆ. ಅವಳು ಪೆನ್ಸಿಲ್ ಚೂಪು ಮಾಡಿದಳು.

ನಮ್ಮ ಮನೆ ಓನರ್ ಅಜ್ಜಿ ಹಳೇ ಊರಿನವರು. ಈಗ ಫ್ಯಾಕ್ಟರಿ ಶೆಡ್ಡುಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಅವರ ಮೊಮ್ಮಗನ ನಾಲ್ಕನೇ ಕ್ಲಾಸಿನ ಗಣಿತ ಪುಸ್ತಕ ಕೇಳಿ ತಂದೆ. ಎಂಟನೇ ಕ್ಲಾಸಿನವಳಿಗೆ ನಾಲ್ಕರ ಪುಸ್ತಕ ಎಂದು ಅವಳಿಗೆ ಮುಜುಗರ, ಅದಕ್ಕೆ ಹಳೇ ಕ್ಯಾಲೆಂಡರಿನ ಹಾಳೆಯಿಂದ ಬೈಂಡು ಹಾಕಿದೆವು. ಸಂಜೆ ಏಳರಿಂದ ಎಂಟು ನಮ್ಮ ಹೊತ್ತು. ಟಿವಿ ಬಂದ್. ಟೆಂಪೊ ಓಡಿಸಿ ದಣಿದು ಬರುವ ನನ್ನ ಯಜಮಾನರು ಮೊದಲ ವಾರ ಗೊಣಗಿದರು, ಎರಡನೇ ವಾರ ಫೋನು ಹಿಡಿದು ಮೆಟ್ಟಿಲ ಮೇಲೆ ಕೂತರು, ಮೂರನೇ ವಾರ ತಾವೇ ಸೊಪ್ಪು ಬಿಡಿಸಲು ಕೂತರು. ಕಡ್ಡಿಯೆಲ್ಲ ಸೊಪ್ಪಿನ ಜೊತೆಗೇ ಇರುತ್ತಿತ್ತು. ಆದರೂ ನಾನು ತಪ್ಪು ಹುಡುಕಲಿಲ್ಲ.

ಎಲ್ಲ ಸಲೀಸಾಗಿ ಹೋಯಿತು ಎಂದುಕೊಳ್ಳಬೇಡಿ. ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ, ಫ್ಯಾಕ್ಟರಿಯಲ್ಲಿ ಯಾರದೋ ಮೇಲಿದ್ದ ಸಿಟ್ಟು, ಅವಳು ಮೊದಲ ಲೆಕ್ಕ ತಂದಾಗ "ಇಷ್ಟೂ ಬರಲ್ವೇನೇ ನಿಂಗೆ" ಎಂದು ಚೀರಿದೆ. ಅವಳು ಪುಸ್ತಕ ಮುಚ್ಚಿ ಎದ್ದು ಹೋದಳು. ಒಪ್ಪಂದ ಹಾಗೇ ಇತ್ತಲ್ಲ. ಎರಡು ದಿನ ತರಲೇ ಇಲ್ಲ. ಮೂರನೇ ದಿನ ನಾನೇ ನಾಲ್ಕನೇ ಕ್ಲಾಸಿನ ಪುಸ್ತಕದಿಂದ ಒಂದು ಲೆಕ್ಕ ಮಾಡಿ ಅವಳ ಮುಂದಿಟ್ಟೆ. "ನನ್ ಫಸ್ಟ್ ಪೀಸ್. ನೋಡು." ಅವಳು ಕೆಂಪು ಪೆನ್ನು ತೆಗೆದುಕೊಂಡು, ಬೈಯದೆ, ಎಲ್ಲಿ ತಪ್ಪಿದೆ ಎಂದು ತೋರಿಸಿದಳು. ನಿಜವಾಗಿಯೂ ತಪ್ಪಿತ್ತು.

ತಿಂಗಳಿಗೊಮ್ಮೆ ಪರ್ಮಿಷನ್ ಹಾಕಿ ಗಣಿತದ ಮೇಷ್ಟ್ರನ್ನು ನೋಡಿ ಬರುತ್ತಿದ್ದೆ. ಹೇಗಿದ್ದಾಳೆ ಎಂದು ಕೇಳುವುದನ್ನು ಬಿಟ್ಟೆ. ಮುಂದೆ ಯಾವ ಪಾಠ, ಅದಕ್ಕೆ ಹಿಂದಿನ ಏನು ಗೊತ್ತಿರಬೇಕು ಎಂದಷ್ಟೇ ಕೇಳುತ್ತಿದ್ದೆ. ಅವರು ಪುಸ್ತಕ ತೆಗೆದು ಗುರುತು ಹಾಕಿ ಕೊಡುತ್ತಿದ್ದರು.

ಫಲಿತಾಂಶದ ದಿನ ಹೆಡ್ ಮೇಡಂ ಕೋಣೆಗೆ ಇಬ್ಬರನ್ನೂ ಕರೆದರು. ಗಣಿತ, ಎಂಬತ್ತಕ್ಕೆ ಮೂವತ್ತೇಳು. ಪಾಸು. ಹಾರಿ ಕುಣಿಯುವ ಅಂಕವಲ್ಲ, ಆದರೆ ಒಂದೊಂದೂ ಅವಳದೇ. ಹೆಡ್ ಮೇಡಂ ಅಂಕಪಟ್ಟಿಯನ್ನು ನನ್ನ ಕಡೆ ತಳ್ಳಿ, "ಒಂಬತ್ತನೇ ಕ್ಲಾಸಿಗೆ ಕಳಿಸ್ತಿದ್ದೀವಿ. ಸಹಿ ಮಾಡಿ," ಅಂದರು. ಮಾಡಿದೆ. ಅವರು ಅದನ್ನು ಫೈಲಿಗೆ ಸೇರಿಸಲು ಹೋಗಿ ತಡೆದರು. ಫೈಲಿನಲ್ಲಿ ಆ ಮೂರು ಪತ್ರಿಕೆಗಳಿದ್ದವು.

"ಸಹಿ ಬೇರೆ ಥರ ಇದೆಯಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಒಂದು ಹೆಜ್ಜೆ ಮುಂದೆ ಬಂದಳು.

"ಮೇಡಂ, ಆ ಮೂರೂ ನಾನೇ ಹಾಕಿದ್ದು. ಅಮ್ಮಂಗೆ ಗೊತ್ತಿರ್ಲಿಲ್ಲ."

ಐದು ತಿಂಗಳ ಶ್ರಮ ಈಗ ನೀರುಪಾಲು ಅನ್ನಿಸಿತು. ಆದರೆ ಅವಳೊಬ್ಬಳನ್ನೇ ಅಲ್ಲಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. "ನಂದೇ ಅಂತ ಸುಳ್ಳು ಹೇಳಿದ್ದು ನಾನು ಮೇಡಂ," ಅಂದೆ.

ಹೆಡ್ ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಆ ಮೂರು ಪತ್ರಿಕೆಗಳನ್ನು ಹೊರತೆಗೆದು ಅವಳ ಕೈಗಿತ್ತು, "ಮನೇಲಿ ಇಟ್ಕೋ," ಅಂದರು. ಅಂಕಪಟ್ಟಿಗೆ ಸೀಲು ಒತ್ತಿದರು.

ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಅವಳು ಹಿಂದೆ ಕೂತು ನನ್ನ ಸೊಂಟ ಹಿಡಿದುಕೊಂಡಳು.

"ಬೈಯಲ್ವಾ ಅಮ್ಮ?"

"ನೀನೇ ತಂದು ತೋರಿಸಿದ್ಯಲ್ಲ," ಅಂದೆ. "ಇನ್ನೇನು ಬೈಯೋದು."