ಎಂಟನೆಯ ಸಹಿ

ನಾನು ಹುಟ್ಟಾ ಅನುಮಾನದವಳು. ತರಕಾರಿ ಗಾಡಿಯವನ ತಕ್ಕಡಿ, ಹಾಲಿನ ಪ್ಯಾಕೆಟ್ಟಿನ ತಾರೀಖು, ಕೇಳದೇ ಗಂಡ ಮಾಡಿಕೊಡುವ ಕಾಫಿ, ಯಾವುದನ್ನೂ ಸುಲಭಕ್ಕೆ ನಂಬಿದವಳಲ್ಲ. ವಿಜಯನಗರದಲ್ಲಿ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟೊಂದರಲ್ಲಿ ಕೂತು ಮಾಯಾಲೋಕದ ಕಾದಂಬರಿಗಳನ್ನು ಬರೆಯುತ್ತೇನೆ. ಹೋದ ವರ್ಷ ಬರೆಯುತ್ತಿದ್ದುದರಲ್ಲಿ ಒಬ್ಬ ರಾಜನಿದ್ದ. ಎದುರು ಮಾತಾಡಿದವರನ್ನೆಲ್ಲ ಕಲ್ಲು ಮಾಡಿ ಕೋಟೆಯ ಗೋಡೆಗೆ ಸೇರಿಸುವವನು.

ನಾಗರಬಾವಿಯಲ್ಲಿ ಲಾ ಓದುವ ನನ್ನ ನಾದಿನಿಯ ಮಗಳು ಭಾನುವಾರ ಊಟಕ್ಕೆ ಬಂದಾಗ ನಾನು ಬರೆದದ್ದನ್ನು ಓದುತ್ತಾಳೆ. ಬಾಯಿ ಸ್ವಲ್ಪ ಜೋರು.

"ಅತ್ತೆ, ಇರೋನು ಒಬ್ಬನೇ ರಾಜ. ಊರು ತುಂಬ ಜನ. ಅವ್ರೆಲ್ಲ ಏನ್ ಮಾಡ್ತಾ ಇದ್ರು?"

"ಮಂತ್ರ ಹಾಕಿದಾನೆ ಕಣೇ. ಯಾರಿಗೂ ಮಾತೇ ಹೊರಡಲ್ಲ."

"ಅಯ್ಯೋ ಸುಮ್ನಿರಿ. ಬರೆಯೋರಿಗೆ ಸೋಮಾರಿತನ ಬಂದಾಗ್ಲೇ ಈ ಮಂತ್ರ ಬರೋದು."

ನನಗೆ ಮೈಯೆಲ್ಲ ಉರಿದುಹೋಯಿತು. ಅವಳಿಗೆ ಎರಡನೇ ಸಲ ಪಾಯಸ ಬಡಿಸಲಿಲ್ಲ.

ಅದೇ ವಾರ ನಮ್ಮ ಟೆರೇಸಿನ ಹಿತ್ತಾಳೆ ನಲ್ಲಿ ಕಾಣೆಯಾಯಿತು. ಯಾರು ತೆಗೆದರೋ ಇವತ್ತಿಗೂ ಗೊತ್ತಿಲ್ಲ. ಆದರೆ ಸಂಜೆಯೊಳಗೆ ಎಲ್ಲರ ಕಣ್ಣೂ ವಾಚ್‌ಮನ್ ಮೇಲೆ ಬಿದ್ದಿತ್ತು. ರಾಯಚೂರು ಕಡೆಯವನು, ಪಾರ್ಕಿಂಗ್ ಪಕ್ಕದ ಒಂದೇ ಕೋಣೆಯಲ್ಲಿ ಹೆಂಡತಿ ಮತ್ತು ಏಳನೇ ಕ್ಲಾಸಿನ ಮಗಳ ಜೊತೆ ಇದ್ದ. ನನ್ನ ಕಣ್ಣೂ ಅವನ ಮೇಲೇ ಬಿತ್ತು, ಸುಳ್ಳೇಕೆ ಹೇಳಲಿ.

ನಮ್ಮಲ್ಲಿ ಮೀಟಿಂಗ್ ಕರೆದರೆ ಯಾರೂ ಬರುವುದಿಲ್ಲ. ಅದಕ್ಕೇ ಅಸೋಸಿಯೇಷನ್ನಿನ ಅಧ್ಯಕ್ಷರು ಉದ್ದನೆಯ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಾರೆ. ಗೋಡೆಗೆ ಬಣ್ಣವಾಗಲಿ, ಗಣೇಶನ ಹಬ್ಬವಾಗಲಿ, ಬಾಗಿಲಲ್ಲೇ ಸಹಿ. ಅವರು ದನಿ ಏರಿಸಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ.

"ಒಂದು ಸೈನ್ ಹಾಕ್ಬಿಡಿ ಮೇಡಂ. ಎಲ್ರೂ ಹಾಕ್ತಾ ಇದಾರೆ."

ಒಲೆಯ ಮೇಲೆ ಹಾಲಿತ್ತು. ಪುಸ್ತಕದಲ್ಲಿ ಆಗಲೇ ಏಳು ಸಹಿ ಇತ್ತು. ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದುಕೊಟ್ಟರು. ಎಂಟನೆಯದು ನನ್ನದು. ಓದದೇ ಹಾಕಿಬಿಟ್ಟೆ ಅಂತ ಆಮೇಲೆ ಗಂಡನಿಗೆ ಹೇಳಿದೆ. ಓದಿದ್ದೆ. ವಾಚ್‌ಮನ್ ಕುಟುಂಬ ಒಂದು ವಾರದಲ್ಲಿ ಕೋಣೆ ಖಾಲಿ ಮಾಡಬೇಕು ಅಂತ ಎರಡೇ ಸಾಲು. ಅದನ್ನು ಓದುವಷ್ಟರಲ್ಲಿ ಯಾವ ಹಾಲೂ ಉಕ್ಕುವುದಿಲ್ಲ. ಸಹಿ ಹಾಕದಿದ್ದರೆ ನಾಳೆ ಲಿಫ್ಟಿನಲ್ಲಿ ಎಲ್ಲರೂ ನನ್ನನ್ನೇ ಅನುಮಾನದಿಂದ ನೋಡುತ್ತಾರಲ್ಲ ಎಂದು ಹೆದರಿದೆ, ಅಷ್ಟೆ.

ಮಾರನೆಯ ದಿನ ಆ ಪುಟದ ಜೆರಾಕ್ಸ್ ನೋಟಿಸ್ ಬೋರ್ಡಿಗೆ ಬಂತು. ವಾಚ್‌ಮನ್ ಹೆಂಡತಿಗೂ ಅವನ ಹಾಗೆಯೇ ಓದಲು ಬರುವುದಿಲ್ಲ. ನಾನು ಹಾಲು ತರಲು ಇಳಿದಾಗ ಬೋರ್ಡಿನ ಮುಂದೆ ನಿಂತಿದ್ದಳು.

"ಅಕ್ಕಾರ, ಯಾರ್ಯಾರ ಸಹಿ ಮಾಡ್ಯಾರ, ಓದಿ ಹೇಳ್ರಿ. ಮಗಳ ಕಡಿಂದ ಇದನ್ನ ಓದ್ಸಾಕ ಮನಸ್ಸಿಲ್ರಿ. ಯಾರ ಮಾಡಿಲ್ಲೋ ಅವರ ಕಾಲಿಗೆ ಬೀಳ್ತೀನಿ. ಆಕಿ ಪರೀಕ್ಷಾ ಮುಗಿಯೂತನಾ ಇರಾಕ ಬಿಟ್ರ ಸಾಕ್ರಿ, ಹದಿನೈದ ದಿನ."

ಬೆರಳಿಟ್ಟು ಒಂದೊಂದೇ ಮನೆ ನಂಬರ್ ಓದಿದೆ. ಏಳು ಮನೆ ಆಯಿತು. ಎಂಟನೆಯದಕ್ಕೆ ಬಂದ ಬೆರಳು ಒಂಬತ್ತಕ್ಕೆ ಜಾರಿತು. ಅಲ್ಲಿಂದ ಹನ್ನೆರಡರವರೆಗೂ ಸರಾಗವಾಗಿ ಓದಿ ಮುಗಿಸಿದೆ.

"ನಿಮ್ಮದಿಲ್ಲಲ್ರಿ!" ಅವಳ ಕಣ್ಣು ತುಂಬಿಬಂತು. "ನನಗ ಗೊತ್ತಿತ್ರಿ ಅಕ್ಕಾರ. ನೀವ ಒಂದ್ ಮಾತ್ ಅಧ್ಯಕ್ಷರಿಗೆ ಹೇಳ್ರಿ."

"ಹೇಳ್ತೀನಮ್ಮ," ಅಂದೆ.

ಹೇಳಲಿಲ್ಲ. ಏನಂತ ಹೇಳುವುದು, ನನ್ನ ಸಹಿ ಅವರ ಪುಸ್ತಕದಲ್ಲೇ ಇದೆಯಲ್ಲ. ವಾರವಿಡೀ ಅವಳ ಕಣ್ಣಿಗೆ ಬೀಳಬಾರದೆಂದು ಹಿಂದಿನ ಮೆಟ್ಟಿಲಲ್ಲಿ ಕದ್ದು ಓಡಾಡಿದೆ, ಥೂ ನನ್ನ ಜನ್ಮಕ್ಕಿಷ್ಟು. ಕೊನೆಯ ದಿನ ಬೆಳಿಗ್ಗೆ ಲಗೇಜ್ ಆಟೋ ಬಂತು. ಹತ್ತುವ ಮೊದಲು ಅವಳು ನಮ್ಮ ಮನೆಗೆ ಬಂದು ಒಂದು ಬಟ್ಟೆಯ ಗಂಟು ಕೊಟ್ಟಳು. ಖಡಕ್ ರೊಟ್ಟಿ.

"ನೀವೊಬ್ರರ ನಮ್ ಕಡೆ ಇದ್ರಿ ಅಕ್ಕಾರ, ಅಷ್ಟ ಸಾಕ್ರಿ."

ಬಾಲ್ಕನಿಯಿಂದ ನೋಡಿದೆ. ಮಗಳು ಸ್ಕೂಲ್ ಬ್ಯಾಗನ್ನು ಎದೆಗೆ ಅವುಚಿಕೊಂಡು ಪಾತ್ರೆಗಳ ನಡುವೆ ಕೂತಿದ್ದಳು.

ಆ ವಾರವೇ ಕಾದಂಬರಿಯಲ್ಲಿದ್ದ ಮಂತ್ರವನ್ನೆಲ್ಲ ಹೊಡೆದುಹಾಕಿದೆ. ಈಗ ರಾಜ ಉದ್ದನೆಯ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಾನೆ, ಮೆತ್ತಗೆ ಮಾತಾಡುತ್ತಾನೆ. ಕಲ್ಲಾಗಬೇಕಾದವರಿಗೆ ಸಹಿಗಳನ್ನು ಓದಿ ಹೇಳುವ ಒಬ್ಬ ಹೆಂಗಸೂ ಇದ್ದಾಳೆ. ನಾದಿನಿಯ ಮಗಳು ಭಾನುವಾರ ಬಂದು, ರೊಟ್ಟಿ ಮುರಿದು ತಿನ್ನುತ್ತಾ ಅಷ್ಟನ್ನೂ ಓದಿದಳು.

"ಈಗ ನಂಬ್ತೀನಿ ಅತ್ತೆ. ಆದ್ರೆ ರಾಜನಿಗಿಂತ ಈ ಹೆಂಗಸೇ ಕ್ರೂರಿ. ಇವಳನ್ನ ಎಲ್ಲಿಂದ ಹಿಡ್ಕೊಂಡ್ ಬಂದ್ರಿ?"

ನಾನು ಹಾಳೆಗಳನ್ನು ಜೋಡಿಸಿಟ್ಟೆ. ಅವಳು ಇನ್ನೊಂದು ರೊಟ್ಟಿಗೆ ಕೈ ಹಾಕಿದಳು.

"ಸಖತ್ತಾಗಿದೆ ಇದು. ನೀವ್ಯಾಕೆ ತಿಂತಾ ಇಲ್ಲ?"